ರೇವಾದ ಬಿಸಿಲು, ದೆಹಲಿ ಮೆಟ್ರೊದ ಮೀಟರು: 99 ಮೆಗಾವ್ಯಾಟ್ ಖರೀದಿಯ ಪ್ರಕರಣ ಅಧ್ಯಯನ

ಮಧ್ಯಪ್ರದೇಶದ ರೇವಾ ಜಿಲ್ಲೆಯ ಗುಢ್ ತಹಸೀಲಿನಲ್ಲಿ 750 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಲ್ಲಿನ ವಿದ್ಯುತ್ತಿನ ಒಂದು ಪಾಲು ರಾಜ್ಯದ ಗಡಿ ದಾಟಿ ದೆಹಲಿ ಮೆಟ್ರೊ ರೈಲು ನಿಗಮಕ್ಕೆ ಹೋಗುತ್ತದೆ. ಒಪ್ಪಂದ ಒಟ್ಟು 99 ಮೆಗಾವ್ಯಾಟಿಗೆ. ಮೊದಲ ಕಂತಾಗಿ 27 ಮೆಗಾವ್ಯಾಟ್ ತಲುಪಿದ್ದು 2019ರ ಏಪ್ರಿಲ್ 18ರಂದು. ಕೇಂದ್ರ ಮತ್ತು ದೆಹಲಿ ಸರ್ಕಾರಗಳ ಸಮಪಾಲಿನ ಒಡೆತನದ ಸಂಸ್ಥೆಯೊಂದು ತನ್ನ ರೈಲು, ನಿಲ್ದಾಣಗಳಿಗೆ ಬೇಕಾದ ವಿದ್ಯುತ್ತನ್ನು ಬೇರೆ ರಾಜ್ಯದ ಸೌರ ಸ್ಥಾವರದಿಂದ ನೇರವಾಗಿ ಕೊಂಡ ಈ ವ್ಯವಹಾರವನ್ನು ಸರ್ಕಾರಿ ಇಲಾಖೆಗಳ ಎಂಜಿನಿಯರುಗಳೂ ಲೆಕ್ಕಪತ್ರ ವಿಭಾಗದವರೂ ಬಿಡಿಬಿಡಿಯಾಗಿ ನೋಡಬೇಕು.

ರೇವಾ ಎಂದರೆ ಎಲ್ಲರಿಗೂ ನೆನಪಾಗುವುದು ಮೊದಲ ವರ್ಷದ ದರ, ಯೂನಿಟ್‌ಗೆ 2 ರೂಪಾಯಿ 97 ಪೈಸೆ. ಆ ದರ ಮುಖ್ಯವೇ. ಆದರೆ ಬಳಕೆದಾರ ಸಂಸ್ಥೆಯ ಕಡೆಯಿಂದ ನೋಡಿದರೆ ಅದಕ್ಕಿಂತ ಮಹತ್ವದ ಪ್ರಶ್ನೆ ಇನ್ನೊಂದಿದೆ: ಮೆಟ್ರೊ ಆ ಪಾರ್ಕಿನ ಉತ್ಪಾದನೆಯ ಯಾವ ಭಾಗವನ್ನು ಕೊಂಡಿತು, ಮೋಡ ಬಂದಾಗಿನ ಏರಿಳಿತವನ್ನು ಯಾರು ಹೊತ್ತರು?

ಬೇಡಿಕೆಯ ಸ್ವರೂಪ

2018-19ರಲ್ಲಿ ದೆಹಲಿ ಮೆಟ್ರೊದ ವಾರ್ಷಿಕ ಬೇಡಿಕೆ ಸುಮಾರು 109 ಕೋಟಿ ಯೂನಿಟ್. ಇದರಲ್ಲಿ ಎರಡು ಬಗೆ. ಒಂದು, 25 ಸಾವಿರ ವೋಲ್ಟಿನ ಮೇಲ್ತಂತಿಯಿಂದ ರೈಲು ಎಳೆದುಕೊಳ್ಳುವ ವಿದ್ಯುತ್. ಇನ್ನೊಂದು, ನಿಲ್ದಾಣಗಳ ದೀಪ, ಲಿಫ್ಟ್, ಎಸ್ಕಲೇಟರ್, ಹವಾನಿಯಂತ್ರಣ, ಸುರಂಗದ ಗಾಳಿ ವ್ಯವಸ್ಥೆ. ಮೊದಲನೆಯದು ರೈಲು ಹೊರಟಾಗ ಜಿಗಿದು, ನಿಂತಾಗ ಕುಸಿಯುತ್ತದೆ. ನೂರಾರು ರೈಲುಗಳು ಒಟ್ಟಿಗೆ ಓಡುವುದರಿಂದ ಇಡೀ ಜಾಲದ ಮಟ್ಟದಲ್ಲಿ ಆ ಜಿಗಿತ ಬಹುಪಾಲು ಸಮನಾಗುತ್ತದೆ. ಎರಡನೆಯದು ದೆಹಲಿಯ ಬೇಸಿಗೆಯಲ್ಲಿ ಮಧ್ಯಾಹ್ನ ಏರುತ್ತದೆ, ಸೌರ ವಿದ್ಯುತ್ ಹೇರಳವಾಗಿ ಸಿಗುವ ಹೊತ್ತಿಗೇ. ಹಗಲಿಡೀ ಗಟ್ಟಿಯಾಗಿ ನಿಲ್ಲುವ ತಳಮಟ್ಟದ ಬೇಡಿಕೆ ಇರುವ ಗ್ರಾಹಕ ಸೌರ ಖರೀದಿಗೆ ಹೇಳಿ ಮಾಡಿಸಿದವನು.

ಇಷ್ಟನ್ನೂ ತನ್ನ ಚಾವಣಿಗಳಲ್ಲೇ ಬೆಳೆಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ರೇವಾದಿಂದ ಮೆಟ್ರೊಗೆ ನಿಗದಿಯಾದದ್ದು ವರ್ಷಕ್ಕೆ 34.5 ಕೋಟಿ ಯೂನಿಟ್. ಉತ್ತರ ಭಾರತದಲ್ಲಿ ಒಂದು ಮೆಗಾವ್ಯಾಟ್ ಚಾವಣಿ ಘಟಕ ವರ್ಷಕ್ಕೆ 13ರಿಂದ 14 ಲಕ್ಷ ಯೂನಿಟ್ ಕೊಟ್ಟೀತು. ಅಂದರೆ ಸುಮಾರು 250 ಮೆಗಾವ್ಯಾಟ್ ಬೇಕು. ಮೆಗಾವ್ಯಾಟಿಗೆ ಹತ್ತು ಸಾವಿರ ಚದರ ಮೀಟರ್ ಎಂದು ಹಿಡಿದರೆ 250 ಹೆಕ್ಟೇರ್ ನೆರಳಿಲ್ಲದ ಚಾವಣಿ. ನಿಲ್ದಾಣ, ಡಿಪೊ, ವಾಹನ ನಿಲುಗಡೆ ಎಲ್ಲ ಸೇರಿಸಿದರೂ ಅಷ್ಟು ಜಾಗ ಸಿಗುವುದಿಲ್ಲ. ಮೆಟ್ರೊ ಚಾವಣಿ ಘಟಕಗಳನ್ನೂ ಹಾಕಿಕೊಂಡಿದೆ, ಅದು ಸರಿಯಾದ ಕೆಲಸ. ಆದರೆ ಒಟ್ಟು ಬೇಡಿಕೆಯ ಮೂರನೇ ಒಂದರಷ್ಟು ತುಂಬಿಸಲು ಹೊರಗಿನಿಂದ ಕೊಳ್ಳದೆ ದಾರಿ ಇರಲಿಲ್ಲ.

ಹರಾಜಿಗೆ ಮೊದಲೇ ಮುಗಿದ ಕೆಲಸ

ಪಾರ್ಕನ್ನು ಕಟ್ಟಿಸಿದ್ದು ರೇವಾ ಅಲ್ಟ್ರಾ ಮೆಗಾ ಸೋಲಾರ್ ಲಿಮಿಟೆಡ್. ಇದು ಕೇಂದ್ರದ ಸೌರಶಕ್ತಿ ನಿಗಮ ಮತ್ತು ಮಧ್ಯಪ್ರದೇಶ ಊರ್ಜಾ ವಿಕಾಸ ನಿಗಮಗಳು ಅರ್ಧರ್ಧ ಪಾಲಿನಲ್ಲಿ 2015ರಲ್ಲಿ ಸ್ಥಾಪಿಸಿದ ಕಂಪನಿ. 250 ಮೆಗಾವ್ಯಾಟಿನ ಮೂರು ಘಟಕಗಳು, ಸುಮಾರು 1,500 ಹೆಕ್ಟೇರ್ ಜಮೀನು. ಒಳಗಿನ ಸಬ್‌ಸ್ಟೇಷನ್‌ಗಳಿಗೆ ವಿಶ್ವ ಬ್ಯಾಂಕಿನ ಸಾಲ, ಅಂತರರಾಜ್ಯ ಜಾಲಕ್ಕೆ ಸೇರಿಸುವ ಕೇಂದ್ರವನ್ನು ಕಟ್ಟಿದ್ದು ಕೇಂದ್ರದ ಪ್ರಸರಣ ಕಂಪನಿ ಪವರ್ ಗ್ರಿಡ್. ವ್ಯವಹಾರ ಸಲಹೆಗಾರರಾಗಿ ವಿಶ್ವ ಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ ಇತ್ತು.

2017ರ ಫೆಬ್ರವರಿ 9ರಂದು ಶುರುವಾದ ಇಳಿಮುಖ ಹರಾಜು (ಅತಿ ಕಡಿಮೆ ದರ ಕೂಗಿದವರು ಗೆಲ್ಲುವ ಪದ್ಧತಿ) ಸುಮಾರು 33 ಗಂಟೆ ಎಡೆಬಿಡದೆ ನಡೆಯಿತು. 20 ಬಿಡ್ಡುಗಳು ಬಂದಿದ್ದವು. ಗೆದ್ದವರು ಮಹೀಂದ್ರಾ ರಿನ್ಯೂಯಬಲ್ಸ್, ಆಕ್ಮೆ ಸೋಲಾರ್ ಮತ್ತು ಸೋಲೆನರ್ಜಿ ಪವರ್. ಮೂವರ ಮೊದಲ ವರ್ಷದ ದರ ಕ್ರಮವಾಗಿ 2.979, 2.970, 2.974 ರೂಪಾಯಿ. 15 ವರ್ಷ ತನಕ ಪ್ರತಿ ವರ್ಷ 5 ಪೈಸೆ ಏರಿಕೆ, 25 ವರ್ಷದ ಒಪ್ಪಂದ, ಇಡೀ ಅವಧಿಗೆ ಒಂದೇ ಸಮನಾಗಿ ಹರಡಿ ಸಮೀಕರಿಸಿದ ದರ ಸುಮಾರು 3.30 ರೂಪಾಯಿ. ಒಂದೇ ವರ್ಷದ ಹಿಂದೆ ರಾಜಸ್ಥಾನದ ಭಡ್ಲಾದಲ್ಲಿ 4.34 ಬಂದಾಗಲೇ ಅದು ದಾಖಲೆಯಾಗಿತ್ತು.

ಇಳಿಕೆಗೆ ಪ್ಯಾನೆಲ್ ಬೆಲೆ ಬಿದ್ದದ್ದು ಒಂದು ಕಾರಣ. ಇನ್ನುಳಿದದ್ದು ಕಾಗದದ ಕೆಲಸ. ಜಮೀನು ಕೈಯಲ್ಲಿತ್ತು, ಲೈನು ಎಲ್ಲಿಗೆ ಸೇರುತ್ತದೆಂದು ಗೊತ್ತಿತ್ತು, ಒಪ್ಪಂದದ ಕರಡನ್ನು ಬಿಡ್ಡುದಾರರ ಜತೆ ಚರ್ಚಿಸಿ ಹರಾಜಿಗೆ ಮುನ್ನವೇ ಅಂತಿಮಗೊಳಿಸಲಾಗಿತ್ತು. ಹಣ ಪಾವತಿಗೆ ಮೂರು ಹಂತದ ಭದ್ರತೆ ಇತ್ತು: ಲೆಟರ್ ಆಫ್ ಕ್ರೆಡಿಟ್ (ಖರೀದಿದಾರನ ಪರವಾಗಿ ಬ್ಯಾಂಕು ಕೊಡುವ ಪಾವತಿಯ ಭರವಸೆ), ಅದು ಸಾಲದಿದ್ದರೆ ಪಾವತಿ ಭದ್ರತಾ ನಿಧಿ, ಅದರಾಚೆಗೆ ರಾಜ್ಯ ಸರ್ಕಾರದ ಖಾತರಿ. ಜಾಲ ಲಭ್ಯವಿಲ್ಲದೆ ಉತ್ಪಾದನೆ ನಿಲ್ಲಿಸಬೇಕಾಗಿ ಬಂದರೆ ಪರಿಹಾರದ ಷರತ್ತೂ ಇತ್ತು. ಇವು ಇಲ್ಲದ ಟೆಂಡರಿನಲ್ಲಿ ಉತ್ಪಾದಕ ಪ್ರತಿ ಅನಿಶ್ಚಿತತೆಗೂ ಕೆಲವು ಪೈಸೆ ಸೇರಿಸುತ್ತಾನೆ, ಬ್ಯಾಂಕು ಬಡ್ಡಿಯಲ್ಲಿ ಇನ್ನಷ್ಟು ಸೇರಿಸುತ್ತದೆ. ಮೆಟ್ರೊದ ಪ್ರಮಾಣದಲ್ಲಿ ಒಂದು ಪೈಸೆ ಅಂದರೆ ವರ್ಷಕ್ಕೆ 34.5 ಲಕ್ಷ ರೂಪಾಯಿ, 25 ವರ್ಷಕ್ಕೆ ಎಂಟೂವರೆ ಕೋಟಿಗೂ ಹೆಚ್ಚು. ಒಳ್ಳೆಯ ವಕೀಲರಿಗೂ ಜಮೀನು ಸರ್ವೆಗೂ ಕೊಡುವ ಹಣ ಎಂದೂ ನಷ್ಟವಲ್ಲ.

ಮೆಟ್ರೊ ಇಲ್ಲಿ ಮಾಡಿದ ಜಾಣತನ, ಬಿಡ್ ದಾಖಲೆಗಳಲ್ಲೇ ಖರೀದಿದಾರನಾಗಿ ಹೆಸರು ಸೇರಿಸಿಕೊಂಡದ್ದು. ಬೇರೆಯಾಗಿ 99 ಮೆಗಾವ್ಯಾಟಿಗೆ ಟೆಂಡರ್ ಕರೆದಿದ್ದರೆ ಅದು ಸಣ್ಣ ಯೋಜನೆಯಾಗುತ್ತಿತ್ತು. ಪಾರ್ಕು, ಲೈನು, ಸಲಹೆಗಾರರು ಎಲ್ಲಕ್ಕೂ ತಾನೇ ಹಣ ಹಾಕಬೇಕಿತ್ತು. ಹರಾಜು ಮುಗಿದ ಮೇಲೆ ಸೇರುತ್ತೇನೆಂದಿದ್ದರೆ ಷರತ್ತು ಬದಲಿಸಲು ಅವಕಾಶ ಇರುತ್ತಿರಲಿಲ್ಲ. 2017ರ ಏಪ್ರಿಲ್ 17ರಂದು ಭೋಪಾಲದಲ್ಲಿ ಸಹಿ ಆದಾಗ ಪಾರ್ಕಿನ ವಿದ್ಯುತ್ತು ಹಂಚಿಕೆಯಾದದ್ದು ಹೀಗೆ: 76 ಶೇಕಡಾ ಮಧ್ಯಪ್ರದೇಶದ ವಿತರಣಾ ಕಂಪನಿಗಳಿಗೆ, 24 ಶೇಕಡಾ ಮೆಟ್ರೊಗೆ.

99ಕ್ಕೆ 24 ಶೇಕಡಾ ಹೇಗೆ?

ಇಲ್ಲಿ ಕ್ಯಾಲ್ಕುಲೇಟರ್ ಹಿಡಿದವರಿಗೆ ಅನುಮಾನ ಬರಲೇಬೇಕು. 750ರಲ್ಲಿ 99 ಅಂದರೆ 13.2 ಶೇಕಡಾ. ಹಾಗಿದ್ದೂ ಯೂನಿಟ್‌ಗಳಲ್ಲಿ ಪಾಲು 24 ಶೇಕಡಾ ಹೇಗಾಯಿತು? ಇನ್ನೊಂದು ಬದಿಯಿಂದ ನೋಡಿ. 99 ಮೆಗಾವ್ಯಾಟ್ ವರ್ಷದ 8,760 ಗಂಟೆಯೂ ಹರಿದರೆ 86.7 ಕೋಟಿ ಯೂನಿಟ್. 34.5 ಕೋಟಿ ಅದರ ಸುಮಾರು 40 ಶೇಕಡಾ. ಯಾವ ಸೌರ ಸ್ಥಾವರವೂ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ 40 ಶೇಕಡಾ ಉತ್ಪಾದನೆ ಮುಟ್ಟುವುದಿಲ್ಲ. 20ರಿಂದ 25ರ ಆಸುಪಾಸು ಸಾಮಾನ್ಯ.

ಉತ್ತರ ಇರುವುದು ಯಾವ ಹೊತ್ತಿಗೆ ಯಾರಿಗೆ ಎಷ್ಟು ವಿದ್ಯುತ್ ಎಂಬ ವೇಳಾಪಟ್ಟಿಯಲ್ಲಿ. ಮೆಟ್ರೊ ಪ್ರತಿ ಹೊತ್ತಿನ ಉತ್ಪಾದನೆಯಲ್ಲಿ ಇಷ್ಟು ಶೇಕಡಾ ಎಂದು ಹಂಚಿಕೊಂಡಿಲ್ಲ. ಮೊದಲು ಮೆಟ್ರೊದ ಬೇಡಿಕೆ, ಉಳಿದದ್ದು ಮಧ್ಯಪ್ರದೇಶಕ್ಕೆ, ಇದು ಕ್ರಮ. ಉದಾಹರಣೆಗೆ ಒಂದು ದಿನ ಹಿಡಿಯೋಣ. ಬೆಳಿಗ್ಗೆ ಪಾರ್ಕು 120 ಮೆಗಾವ್ಯಾಟ್ ಕೊಡುತ್ತಿದ್ದರೆ 99 ದೆಹಲಿಗೆ, 21 ರಾಜ್ಯಕ್ಕೆ. ಮಧ್ಯಾಹ್ನ 640 ಇದ್ದಾಗ 99 ದೆಹಲಿಗೆ, 541 ರಾಜ್ಯಕ್ಕೆ. ಮೋಡ ಕವಿದು 640 ಇದ್ದದ್ದು 300ಕ್ಕೆ ಇಳಿಯಿತು ಅನ್ನಿ; ದೆಹಲಿಗೆ ಹೋಗುವುದು ಆಗಲೂ 99, ರಾಜ್ಯದ ಪಾಲು 201ಕ್ಕೆ ಕುಸಿಯುತ್ತದೆ. ಸಂಜೆ ಪಾರ್ಕು 70ಕ್ಕೆ ಬಂದಾಗ ಅಷ್ಟೂ ದೆಹಲಿಗೆ.

ಹಾಲಿನ ಪಾತ್ರೆಯ ತಳದ ಸೇರು ಒಬ್ಬರದು, ಉಕ್ಕಿ ಇಳಿಯುವ ಮೇಲಿನ ಭಾಗ ಇನ್ನೊಬ್ಬರದು ಎಂದ ಹಾಗೆ. ಲೆಕ್ಕವೂ ತಾಳೆಯಾಗುತ್ತದೆ: 34.5 ಕೋಟಿ ಯೂನಿಟ್‌ಗಳನ್ನು 99 ಮೆಗಾವ್ಯಾಟಿನಿಂದ ಭಾಗಿಸಿದರೆ 3,485 ಗಂಟೆ, ದಿನಕ್ಕೆ ಸರಾಸರಿ ಒಂಬತ್ತೂವರೆ ಗಂಟೆ. ಪಾರ್ಕಿನ ಉತ್ಪಾದನೆ ತನ್ನ ಸಾಮರ್ಥ್ಯದ 13 ಶೇಕಡಾ ದಾಟಿ ನಿಲ್ಲುವ ಹಗಲಿನ ಅವಧಿಗೆ ಅದು ಹೊಂದಿಕೊಳ್ಳುತ್ತದೆ.

ಶೇಕಡಾವಾರು ಹಂಚಿಕೆಯಲ್ಲಿ ಇಷ್ಟೇ ಯೂನಿಟ್‌ ಬೇಕಿದ್ದರೆ ಮೆಟ್ರೊ 180 ಮೆಗಾವ್ಯಾಟ್ ಪಾಲು ಕೊಳ್ಳಬೇಕಿತ್ತು. ಆಗ ನಡುಮಧ್ಯಾಹ್ನ ಬೇಡಿಕೆಗಿಂತ ಹೆಚ್ಚು ವಿದ್ಯುತ್ ಬಂದು ಬೀಳುವ, ಬೆಳಿಗ್ಗೆ ಸಂಜೆ ಸಾಲದಾಗುವ ಸ್ಥಿತಿ. ಹೆಚ್ಚಾದದ್ದಕ್ಕೆ ಹಣ ಕೊಟ್ಟರೂ ಬಳಕೆ ಇಲ್ಲ, ಕಡಿಮೆಯಾದದ್ದನ್ನು ಸ್ಥಳೀಯ ವಿತರಣಾ ಕಂಪನಿಯಿಂದ ದುಬಾರಿ ದರಕ್ಕೆ ಕೊಳ್ಳಬೇಕು. ಪ್ರಸರಣ ಸಾಮರ್ಥ್ಯವನ್ನೂ 99ರ ಬದಲು 180ಕ್ಕೆ ಕಾದಿರಿಸಬೇಕಿತ್ತು.

ಮಧ್ಯಪ್ರದೇಶ ಇದಕ್ಕೆ ಒಪ್ಪಿದ್ದೇಕೆ? ಸಾವಿರಾರು ಮೆಗಾವ್ಯಾಟ್ ಬೇಡಿಕೆ, ಜಲ ಮತ್ತು ಉಷ್ಣ ಸ್ಥಾವರಗಳೂ ಇರುವ ರಾಜ್ಯದ ಜಾಲಕ್ಕೆ ಈ ಏರಿಳಿತ ಹೆಚ್ಚೇನಲ್ಲ. ಮೆಟ್ರೊದಂಥ ಒಂಟಿ ಗ್ರಾಹಕನಿಗೆ ಅದೇ ದೊಡ್ಡ ಹೊರೆ. ನಂಬಿಕಸ್ಥ ಎರಡನೇ ಖರೀದಿದಾರ ಇದ್ದದ್ದರಿಂದ ಯೋಜನೆಯ ಸಾಲಯೋಗ್ಯತೆ ಹೆಚ್ಚಿ, ರಾಜ್ಯದ 76 ಶೇಕಡಾಕ್ಕೂ ಕಡಿಮೆ ದರ ಸಿಕ್ಕಿತು. ಹಾಗೆಂದು ರಾಜ್ಯ ಏನನ್ನೂ ತೆತ್ತಿಲ್ಲ ಎನ್ನಲಾಗದು. ಏರಿಳಿತ ನಿಭಾಯಿಸಲು ಉಷ್ಣ ಘಟಕಗಳನ್ನು ಇಳಿಸಿ ಏರಿಸುವ ಖರ್ಚು ಅದರದು. ಇದೇ ಮಾದರಿ ಬೇಕೆನ್ನುವ ಇಲಾಖೆ ಮೊದಲು ಕೇಳಿಕೊಳ್ಳಬೇಕಾದದ್ದು: ಮೇಲಿನ ಭಾಗ ಹೊರುವ ದೊಡ್ಡ ಪಾಲುದಾರ ನಮಗೆ ಯಾರು?

ಸ್ಥಾವರದಿಂದ ಮೀಟರಿನ ತನಕ

ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ವಿದ್ಯುತ್ ಬರುವುದಿಲ್ಲ. ಮೆಟ್ರೊ ಓಪನ್ ಆಕ್ಸೆಸ್ ಗ್ರಾಹಕ, ಅಂದರೆ ತನಗೆ ಬೇಕಾದ ಉತ್ಪಾದಕನಿಂದ ವಿದ್ಯುತ್ ಕೊಂಡು, ಅದನ್ನು ತರಿಸಲು ಬೇರೆಯವರ ಜಾಲವನ್ನು ಶುಲ್ಕ ಕೊಟ್ಟು ಬಳಸುವ ಗ್ರಾಹಕ. ಜಾಲದಲ್ಲಿ ಅದು ದೆಹಲಿಯ ವಿತರಣಾ ಕಂಪನಿಗಳ ಒಳಗಿನ ಗ್ರಾಹಕನೂ ಹೌದು. ಹಾಗಾಗಿ ಅಂತರರಾಜ್ಯ ಜಾಲದಲ್ಲಿ ದೀರ್ಘಾವಧಿ ಪ್ರವೇಶ, ದೆಹಲಿಯ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ (ಜಾಲದಲ್ಲಿ ವಿದ್ಯುತ್ ಹರಿವನ್ನು ನಿಯಂತ್ರಿಸುವ ಕಚೇರಿ) ಒಪ್ಪಿಗೆ, ಆಯಾ ವಿತರಣಾ ಕಂಪನಿಯ ನಿರಾಕ್ಷೇಪಣಾ ಪತ್ರ, ಮೂರೂ ಬೇಕು. ಮೆಟ್ರೊಗೆ ನಗರದುದ್ದಕ್ಕೂ ಹೊರಗಿನ ವಿದ್ಯುತ್ತನ್ನು ಪಡೆಯುವ ಹಲವು ರಿಸೀವಿಂಗ್ ಸಬ್‌ಸ್ಟೇಷನ್‌ಗಳಿವೆ, ಅವು ಬೇರೆ ಬೇರೆ ಕಂಪನಿಗಳ ವ್ಯಾಪ್ತಿಯಲ್ಲಿವೆ. ವಿದ್ಯುತ್ ಯಾವ ಕೇಂದ್ರದಲ್ಲಿ ಎಷ್ಟು ಇಳಿಯಬೇಕೆಂದು ಹಂಚಿ, ಪ್ರತಿಯೊಂದಕ್ಕೂ ಪ್ರತ್ಯೇಕ ಅನುಮತಿ ಪಡೆಯಬೇಕು. 15 ನಿಮಿಷಕ್ಕೊಮ್ಮೆ ದಾಖಲಿಸುವ 0.2ಎಸ್ ದರ್ಜೆಯ (ಅತಿ ನಿಖರ) ಮುಖ್ಯ ಮೀಟರ್, ತಪಾಸಣಾ ಮೀಟರ್ ಎರಡನ್ನೂ ಕೂರಿಸಬೇಕು. ಇಂಥ ಯೋಜನೆಗಳು ತಡವಾಗುವುದು ಹೆಚ್ಚಾಗಿ ಇಲ್ಲೇ. ಸ್ಥಾವರ ತಯಾರು, ಲೈನು ತಯಾರು, ಆದರೆ ಒಂದು ಸಬ್‌ಸ್ಟೇಷನ್ನಿನ ಮೀಟರಿನ ಪರೀಕ್ಷಾ ಪತ್ರ ಬಾಕಿ. ರೇವಾದಲ್ಲಿ ಉತ್ಪಾದನೆ 2018ರ ಜುಲೈಯಲ್ಲಿ ಶುರುವಾಯಿತು, ಪೂರ್ಣ 750 ಮೆಗಾವ್ಯಾಟ್ ಚಾಲನೆಗೊಂಡದ್ದು 2020ರ ಜನವರಿಯಲ್ಲಿ. ಮೆಟ್ರೊ 27ರಿಂದ ಆರಂಭಿಸಿ ಹಂತಹಂತವಾಗಿ 99ಕ್ಕೆ ಏರಿಸಿಕೊಳ್ಳುವ ಯೋಜನೆ ಹಾಕಿದ್ದು ವಿವೇಕದ ಕ್ರಮ.

ದಿನದ ಕೆಲಸ ಹೀಗೆ ಸಾಗುತ್ತದೆ. ದಿನವನ್ನು 15 ನಿಮಿಷದ 96 ಭಾಗ ಮಾಡಿ, ಉತ್ಪಾದಕರು ಮರುದಿನದ ಅಂದಾಜು ಕೊಡುತ್ತಾರೆ. ಪಶ್ಚಿಮ ವಲಯದ ಲೋಡ್ ಡಿಸ್ಪ್ಯಾಚ್ ಕೇಂದ್ರ ಅದನ್ನು ಉತ್ತರ ವಲಯಕ್ಕೆ, ಅಲ್ಲಿಂದ ದೆಹಲಿಗೆ ದಾಟಿಸುತ್ತದೆ. ದಿನದ ನಡುವೆ ತಿದ್ದುಪಡಿಗೂ ಅವಕಾಶವಿದೆ. ಅಂತರರಾಜ್ಯ ಸೌರ ವಿದ್ಯುತ್ತಿನಲ್ಲಿ ಖರೀದಿದಾರ ಹಣ ಕೊಡುವುದು ವೇಳಾಪಟ್ಟಿಯ ಯೂನಿಟ್‌ಗಳಿಗೆ. ವಾಸ್ತವ ಉತ್ಪಾದನೆ ಬೇರೆಯಾದರೆ ಆ ವ್ಯತ್ಯಾಸ ಉತ್ಪಾದಕನ ಲೆಕ್ಕ; ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2015ರ ಚೌಕಟ್ಟಿನಲ್ಲಿ 15 ಶೇಕಡಾ ತನಕದ ತಪ್ಪಿಗೆ ದಂಡವಿರಲಿಲ್ಲ, ಅದಕ್ಕೆ ಮೀರಿದರೆ ಹಂತವಾರು ದಂಡ. ಮುಂದಿನ ನಿಯಮಗಳು ಇದನ್ನು ಬಿಗಿ ಮಾಡಿವೆ.

ಮೆಟ್ರೊದ ಕಡೆಯ ವ್ಯತ್ಯಾಸ ಮಾತ್ರ ಮೆಟ್ರೊದ್ದೇ. ಒಂದು 15 ನಿಮಿಷದಲ್ಲಿ ವೇಳಾಪಟ್ಟಿ ಪ್ರಕಾರ 99 ಬರುತ್ತಿದ್ದು ಅನುಮತಿ ಪಡೆದ ಸಬ್‌ಸ್ಟೇಷನ್‌ಗಳ ಬಳಕೆ 85ಕ್ಕೆ ಇಳಿದರೆ ಮಿಕ್ಕ 14ರ ಹಣ ಹೋದ ಹಾಗೆಯೇ, ಅಥವಾ ನಿಯಮ ಕೊಡುವ ಸಣ್ಣ ಮರುಪಾವತಿಗೆ ತೃಪ್ತಿ ಪಡಬೇಕು. ಆದ್ದರಿಂದ ಒಟ್ಟು ಜಾಲದ ಬಳಕೆ ನೋಡಿ ಪ್ರಮಾಣ ನಿಗದಿ ಮಾಡುವುದು ತಪ್ಪು. ಅನುಮತಿ ಇರುವ ಪ್ರತಿ ಸಬ್‌ಸ್ಟೇಷನ್ನಿನ ಒಂದು ವರ್ಷದ 15 ನಿಮಿಷದ ದಾಖಲೆ ತೆಗೆದು, ಭಾನುವಾರ, ಹಬ್ಬ, ಚಳಿಗಾಲದ ಹಗಲು ಸೇರಿ ಅತಿ ಕಡಿಮೆ ಬಳಕೆ ಎಷ್ಟೆಂದು ನೋಡಿ, ಅದರ ಒಳಗೆ ನಿಲ್ಲಬೇಕು. ತಿಂಗಳ ಬಿಲ್ಲು ನೋಡಿ ಪ್ರಮಾಣ ಹೇಳುವ ಸಲಹೆಗಾರರನ್ನು ಹತ್ತಿರ ಸೇರಿಸಬೇಡಿ.

2020ರ ಮಾರ್ಚ್ 22ರಿಂದ ಸೆಪ್ಟೆಂಬರ್ 6ರ ತನಕ ದೆಹಲಿ ಮೆಟ್ರೊ ಪ್ರಯಾಣಿಕರಿಗೆ ಮುಚ್ಚಿತ್ತು. ರೇವಾದಲ್ಲಿ ಬಿಸಿಲಿಗೇನೂ ರಜೆ ಇರಲಿಲ್ಲ. ಅಂಥ ತಿಂಗಳುಗಳಿಗೆ ಒಪ್ಪಂದದಲ್ಲೇ ಉತ್ತರ ಬರೆದಿರಬೇಕು: ಬೇಡವಾದ ಪಾಲನ್ನು ಅದೇ ಯೋಜನೆಯ ಇನ್ನೊಬ್ಬ ಖರೀದಿದಾರನಿಗೆ ತಿರುಗಿಸಬಹುದೇ, ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಾರಬಹುದೇ, ದರದ ವ್ಯತ್ಯಾಸ ಯಾರಿಗೆ, ಎಷ್ಟು ದಿನದ ಮುನ್ಸೂಚನೆ ಸಾಕು?

ಮೀಟರಿಗೆ ಬಂದು ಬಿದ್ದ ದರ

2.97 ಎಂಬುದು ರೇವಾದ ಗೇಟಿನ ದರ. ಮೊದಲ ವರ್ಷಕ್ಕೆ 34.5 ಕೋಟಿ ಯೂನಿಟ್‌ಗೆ ಸುಮಾರು 102 ಕೋಟಿ ರೂಪಾಯಿ. ಏರಿಕೆಯ 15 ಹಂತ ಮುಗಿದಾಗ ಯೂನಿಟ್‌ಗೆ 3.72. ದೆಹಲಿಯ ಮೀಟರಿನ ದರ ಬೇರೆಯೇ. ಅಂತರರಾಜ್ಯ ಪ್ರಸರಣ ಶುಲ್ಕ ಮತ್ತು ನಷ್ಟ, ದೆಹಲಿಯ ಪ್ರಸರಣ ಶುಲ್ಕ, ವಿತರಣಾ ಜಾಲದ ಬಳಕೆಗೆ ಕೊಡುವ ವೀಲಿಂಗ್ ಶುಲ್ಕ, ಬೇರೆ ಗ್ರಾಹಕರ ರಿಯಾಯಿತಿಯ ಹೊರೆಗಾಗಿ ಕೊಡುವ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್, ಹೆಚ್ಚುವರಿ ಸರ್‌ಚಾರ್ಜ್, ಡಿಸ್ಪ್ಯಾಚ್ ಕೇಂದ್ರದ ಶುಲ್ಕ, ಲೆಟರ್ ಆಫ್ ಕ್ರೆಡಿಟ್ಟಿನ ಬ್ಯಾಂಕ್ ಖರ್ಚು, ಇವನ್ನೆಲ್ಲ ಒಂದೊಂದಾಗಿ ಪರಿಶೀಲಿಸಬೇಕು. ಯಾವುದು ಅನ್ವಯ, ಯಾವುದಕ್ಕೆ ವಿನಾಯಿತಿ ಎಂಬುದನ್ನು ರಾಜ್ಯ ಆಯೋಗದ ಆದೇಶದ ಪುಟ ಸಹಿತ ಕಡತದಲ್ಲಿ ಇಡಬೇಕು.

ನಷ್ಟದ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಒಂದು ಹಂತದಲ್ಲಿ 4, ಇನ್ನೊಂದರಲ್ಲಿ 2 ಶೇಕಡಾ ನಷ್ಟವೆಂದು ಇಟ್ಟುಕೊಂಡರೆ 100 ಯೂನಿಟ್‌ ಹಾಕಿದಲ್ಲಿ 94.08 ಸಿಗುತ್ತದೆ. 2.97ನ್ನು 0.9408ರಿಂದ ಭಾಗಿಸಬೇಕು, 3.16 ಬರುತ್ತದೆ. ವೀಲಿಂಗ್‌ನಂಥ ಶುಲ್ಕಗಳನ್ನು ಅದರ ಮೇಲೆ ಕೂಡಬೇಕು. ಬರೀ 2.97ಕ್ಕೆ ಶುಲ್ಕ ಸೇರಿಸಿದರೆ ಯೂನಿಟ್‌ಗೆ 19 ಪೈಸೆ ಲೆಕ್ಕದಿಂದ ಜಾರಿಹೋಗುತ್ತದೆ.

ಅಂತರರಾಜ್ಯ ಪ್ರಸರಣ ಶುಲ್ಕದಿಂದ ಸೌರ ವಿದ್ಯುತ್ತಿಗೆ 2016ರಿಂದ ವಿನಾಯಿತಿ ಇತ್ತು, ಅವಧಿಯನ್ನು ಪದೇ ಪದೇ ವಿಸ್ತರಿಸಲಾಯಿತು. ಈಗ ಚಿತ್ರ ಬದಲಾಗಿದೆ. 2025ರ ಜೂನ್ 30ರ ನಂತರ ಚಾಲನೆಗೊಳ್ಳುವ ಸೌರ, ಪವನ ಯೋಜನೆಗಳಿಗೆ ಶುಲ್ಕ ಪ್ರತಿ ವರ್ಷ 25 ಶೇಕಡಾದಂತೆ ಮರಳಿ ಬರುತ್ತಿದೆ. ಟೆಂಡರಿನಲ್ಲಿ ನಮೂದಿಸಿದ ಚಾಲನಾ ದಿನಾಂಕ ಆರು ತಿಂಗಳು ಜಾರಿದರೂ ಒಂದು ಹಂತ ಮೇಲೆ ಬೀಳಬಹುದು. ತಡಕ್ಕೆ ಕಾರಣನಾದವನೇ ಆ ಹೊರೆ ಹೊರಬೇಕು ಎಂಬ ವಾಕ್ಯ ಒಪ್ಪಂದದಲ್ಲಿ ಇರಲೇಬೇಕು.

ವಿದ್ಯುತ್ತಿನ ಹಸಿರು ಗುಣದ (ನವೀಕರಿಸಬಹುದಾದ ಮೂಲದ್ದು ಎಂದು ಹೇಳಿಕೊಳ್ಳುವ ಹಕ್ಕು) ಒಡೆತನವನ್ನೂ ಮೊದಲೇ ಬರೆದಿಡಬೇಕು. ನವೀಕರಿಸಬಹುದಾದ ವಿದ್ಯುತ್ತನ್ನು ಕಡ್ಡಾಯವಾಗಿ ಕೊಳ್ಳುವ ಹೊಣೆ ಓಪನ್ ಆಕ್ಸೆಸ್ ಗ್ರಾಹಕರಿಗೂ ಇದೆ. ಅದೇ ಯೂನಿಟನ್ನು ಖರೀದಿದಾರ ತನ್ನ ಹೊಣೆಗೆ ಲೆಕ್ಕ ಹಾಕಿ, ಉತ್ಪಾದಕ ಅದರ ಮೇಲೆಯೇ ಹಸಿರು ವಿದ್ಯುತ್ತಿನ ಪ್ರಮಾಣಪತ್ರ ಮಾರಿದರೆ ಒಂದೇ ಬಿಸಿಲು ಎರಡು ಸಲ ಮಾರಾಟವಾದಂತೆ. ಲೆಕ್ಕಪರಿಶೋಧನೆಯಲ್ಲಿ ಅದು ನಿಲ್ಲುವುದಿಲ್ಲ.

ಸಣ್ಣ ಕಚೇರಿಗಳಿಗೆ ಬಂದ ದಾರಿ

ರೇವಾ ಕಾಲದಲ್ಲಿ ಓಪನ್ ಆಕ್ಸೆಸ್‌ಗೆ ಒಂದು ಮೆಗಾವ್ಯಾಟ್ ಬೇಡಿಕೆ ಇರಬೇಕಿತ್ತು. 2022ರ ಜೂನಿನ ಹಸಿರು ಓಪನ್ ಆಕ್ಸೆಸ್ ನಿಯಮಗಳು ಅದನ್ನು 100 ಕಿಲೊವ್ಯಾಟಿಗೆ ಇಳಿಸಿದವು. 2023ರ ತಿದ್ದುಪಡಿಯ ಪ್ರಕಾರ ಒಂದೇ ವಿದ್ಯುತ್ ವಿಭಾಗದೊಳಗಿನ ಹಲವು ಸಂಪರ್ಕಗಳನ್ನು ಕೂಡಿಸಿಯೂ ಈ ಮಿತಿ ಮುಟ್ಟಬಹುದು. ಅರ್ಜಿಗೆ 15 ದಿನದಲ್ಲಿ ಉತ್ತರ ಬರಬೇಕು, ಕ್ರಾಸ್ ಸಬ್ಸಿಡಿ ಸರ್‌ಚಾರ್ಜಿನ ಏರಿಕೆಗೆ ಮಿತಿ ಇದೆ, ಪ್ರಮಾಣವನ್ನು ಕನಿಷ್ಠ 12 ಕಾಲಭಾಗ, ಅಂದರೆ ಮೂರು ಗಂಟೆ, ಬದಲಿಸುವಂತಿಲ್ಲ. ಜಿಲ್ಲಾಸ್ಪತ್ರೆ, ನೀರು ಸರಬರಾಜು ಮಂಡಳಿ, ವಿಶ್ವವಿದ್ಯಾಲಯಗಳಿಗೆ ಇದು ನಿಜವಾದ ಬದಲಾವಣೆ. ಖರೀದಿ ವಿಭಾಗವಿಲ್ಲದ ಸಣ್ಣ ಕಚೇರಿಗಾದರೆ ವಿತರಣಾ ಕಂಪನಿಯ ಹಸಿರು ದರಕ್ಕೆ (ಹಸಿರು ವಿದ್ಯುತ್ ಕೇಳುವವರಿಗಿರುವ ಪ್ರತ್ಯೇಕ ದರ) ಒಂದು ಪತ್ರ ಬರೆದರೆ ಸಾಕು. ದರ ತುಸು ಹೆಚ್ಚಾದರೂ ವೇಳಾಪಟ್ಟಿಯ ತಲೆನೋವಿಲ್ಲ.

ದೊಡ್ಡ ಖರೀದಿದಾರರಿಗೆ ರೇವಾ ಉಳಿಸಿಹೋದ ಪ್ರಶ್ನೆ ಸಂಜೆಯದು. ಪಾರ್ಕಿನ ಉತ್ಪಾದನೆ ಸೂರ್ಯಾಸ್ತಕ್ಕೆ ಶೂನ್ಯವಾಗುವ ಹೊತ್ತಿಗೇ ಮೆಟ್ರೊದ ಎರಡನೇ ದಟ್ಟಣೆ. ಆ ಯೂನಿಟ್‌ಗಳು ಇನ್ನೊಂದು ಸೌರ ಒಪ್ಪಂದದಿಂದ ಬರಲಾರವು. ಮುಂದಿನ ಟೆಂಡರಿನಲ್ಲಿ ಪವನ ವಿದ್ಯುತ್ ಅಥವಾ ಬ್ಯಾಟರಿ ಸೇರಿಸಿ, ಸಂಜೆ 6ರಿಂದ ರಾತ್ರಿ 10ರ ತನಕದ 16 ಕಾಲಭಾಗಗಳಲ್ಲಿ ಇಷ್ಟು ಮೆಗಾವ್ಯಾಟ್, ತಿಂಗಳ ಲೆಕ್ಕದಲ್ಲಿ ಇಷ್ಟು ಶೇಕಡಾ ಲಭ್ಯತೆ, ತಪ್ಪಿದರೆ ಯೂನಿಟ್‌ಗೆ ಇಷ್ಟು ಪರಿಹಾರ ಎಂದು ಸ್ಪಷ್ಟವಾಗಿ ಕೇಳಬೇಕು. ಹಗಲಿನ 99 ಮೆಗಾವ್ಯಾಟ್ ಈಗಾಗಲೇ ಕೈಯಲ್ಲಿರುವುದರಿಂದ ಹೊಸ ಒಪ್ಪಂದದ ಹಗಲಿನ ಪಾಲನ್ನು ಮೆಟ್ರೊದ ಉಳಿದ ತಳಮಟ್ಟದ ಬೇಡಿಕೆಗೆ ಮಿತಿಗೊಳಿಸಬೇಕು. ಇಲ್ಲವಾದರೆ ಎರಡೂ ಒಪ್ಪಂದಗಳ ವಿದ್ಯುತ್ ಒಂದೇ ಮಧ್ಯಾಹ್ನ ಒಂದೇ ಮೀಟರಿಗೆ ಬಂದು ಬೀಳುತ್ತದೆ.